ಸಾಮಾನು ಪಟ್ಟಿಯ ಕೆಳಗಿನ ಸಾಲುಗಳು

ಹಳೆಯ ಕಾಗದ ಓದುವ ಕೆಲಸಕ್ಕೆ ಹೋಗುವವರು ಮೊದಲು ಕೈ ತೊಳೆದುಕೊಳ್ಳಬೇಕು. ತೊಳೆದ ಮೇಲೆ ಕ್ರೀಮು ಹಚ್ಚಬಾರದು. ಸ್ವೀಡನ್ನಿನ ಚಳಿಗೆ ಬೆರಳ ತುದಿ ಬಿರಿಯುತ್ತದೆ, ಉರಿಯುತ್ತದೆ, ಆದರೂ ಹಚ್ಚಬಾರದು. ಈ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಉರಿಯೇ.

ಕೇಳಿದವಳು ಅನುಷಾ. ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ ನಮ್ಮ ಕೆಳಗಿನ ಮಹಡಿಯವರ ಮಗಳು, ಇಲ್ಲೇ ಬೆಳೆದವಳು. ನಾನು ನಿವೃತ್ತಳಾದ ಜಾಗಕ್ಕೇ ಈ ಬೇಸಿಗೆಯಲ್ಲಿ ಸೇರಿದ್ದಾಳೆ. "ಆಂಟಿ, ಈಗ ಎಲ್ಲಾ ಸ್ಕ್ಯಾನ್ ಮಾಡಿರ್ತಾರೆ. ಝೂಮ್ ಮಾಡಿ ಓದಿದ್ರೆ ಆಯ್ತಲ್ವಾ? ಕಷ್ಟ ಏನಿದೆ ಅದ್ರಲ್ಲಿ?" ಎಂದಳು. ಒಂದು ಫಿಕಾದ, ಅಂದರೆ ಇಲ್ಲಿಯವರ ಕಾಫಿ ತಿಂಡಿಯ, ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಏಲಕ್ಕಿ ಬನ್ನು ಮುಗಿಯಿತು, ಅವಳ ಫೋನು ಬಡಿಯಿತು, ಎದ್ದು ಹೋದಳು. ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಹುಡುಕಿಕೊಂಡು ಈ ದೇಶಕ್ಕೆ ಬಂದವಳಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನನ್ನ ಯಜಮಾನರಿಗೆ ಕಿಸ್ಟಾದ ಟೆಲಿಕಾಂ ಆಫೀಸಿನಲ್ಲಿ ಕೆಲಸವಾಯಿತು. ಜೊತೆಗೆ ನಾನೂ ಬಂದೆ. ಆಗಲೇ ನನಗೆ ಐವತ್ತು ಹತ್ತಿರ. ನಮಗೆ ಮಕ್ಕಳಿಲ್ಲ. ಅವರು ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ನಡುವಿನ ಹೊತ್ತಿನಲ್ಲಿ ಮನೆಯೊಳಗೆ ಮಾತಾಡುತ್ತಿದ್ದುದು ನನ್ನ ಕುಕ್ಕರ್ ಒಂದೇ. ಲಿಫ್ಟು ಯಾವ ಮಹಡಿಯಲ್ಲಿ ನಿಂತಿತು ಎಂದು ಸದ್ದಿನಿಂದಲೇ ಹೇಳುವಷ್ಟು ಕಿವಿ ಸೂಕ್ಷ್ಮವಾಗಿತ್ತು. ಬಾಗಿಲ ಸಂದಿಯಿಂದ ಜಾಹೀರಾತಿನ ಕಾಗದ ಬಿದ್ದರೂ ಎದ್ದು ಹೋಗಿ ನೋಡುತ್ತಿದ್ದೆ. ಡಿಸೆಂಬರಿನಲ್ಲಿ ಮೂರು ಗಂಟೆಗೆಲ್ಲ ಕತ್ತಲು. ಎದುರು ಕಟ್ಟಡದ ಪ್ರತಿ ಕಿಟಕಿಯಲ್ಲೂ ಒಂದೊಂದು ದೀಪ; ದೀಪದ ಹಿಂದೆ ಮನುಷ್ಯರು ಮಾತ್ರ ಕಾಣುತ್ತಿರಲಿಲ್ಲ.

ಕೊಮ್ಯೂನ್‌ನವರು, ಅಂದರೆ ಇಲ್ಲಿಯ ನಗರಸಭೆಯವರು, ನಡೆಸುವ ಸ್ವೀಡಿಷ್ ತರಗತಿಗೆ ಸೇರಿದೆ. ಭಾಷೆ ತಲೆಗೆ ಹತ್ತಲಿಲ್ಲ. ಆದರೆ ಒಂದು ದಿನ ಟೀಚರು ನನ್ನ ಅಭ್ಯಾಸದ ಹಾಳೆ ಎತ್ತಿ ಹಿಡಿದು, "ಈ ಅಕ್ಷರ ನಿನಗೆ ಯಾರು ಕಲಿಸಿದ್ದು?" ಎಂದು ಕೇಳಿದರು. ಕಾನ್ವೆಂಟಿನ ಸಿಸ್ಟರುಗಳು ಎಂದೆ. ನಾಲ್ಕು ಗೆರೆಯ ಕಾಪಿ ಪುಸ್ತಕ, ಅದ್ದಿ ಬರೆಯುವ ಪೆನ್ನು, ಮೇಲೆ ಹೋಗುವಾಗ ತೆಳು, ಕೆಳಗೆ ಬರುವಾಗ ದಪ್ಪ. ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಫುಟ್‌ರೂಲರಿನ ಅಂಚು. ಟೀಚರು ನಗಲಿಲ್ಲ. ತನ್ನ ಪರಿಚಯದವರೊಬ್ಬರಿಗೆ ಫೋನು ಮಾಡಿದರು.

ಆ ಪರಿಚಯದವರೇ ಬಿರ್ಗಿಟ್ಟಾ, ನನ್ನ ಮೇಲಧಿಕಾರಿ. ಹಳೆಯ ವ್ಯಾಪಾರಿ ಮನೆತನಗಳ ಕಾಗದಪತ್ರ ಜೋಪಾನ ಮಾಡುವ ಒಂದು ಸಣ್ಣ ಸಂಸ್ಥೆಯನ್ನು ನೋಡಿಕೊಳ್ಳುತ್ತಿದ್ದರು. ನಗರದ ಹಳೆ ಕಟ್ಟಡವೊಂದರಲ್ಲಿ ಮೂರು ಕೋಣೆ, ಒಂದು ಕಾಫಿ ಮೆಷಿನ್ನು. ಕತ್ತಿನಲ್ಲಿ ಸರದ ಬದಲು ದಾರಕ್ಕೆ ಕಟ್ಟಿದ ಪೆನ್ಸಿಲ್ ಹಾಕಿಕೊಂಡ, ಎತ್ತರದ, ಕಡಿಮೆ ಮಾತಿನ ಹೆಂಗಸು. ಒಂದು ಕಾಗದ ನನ್ನ ಮುಂದಿಟ್ಟು, "ಓದು" ಎಂದರು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾಗದ. ನಮ್ಮ ಸಿಸ್ಟರ್ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಬಾಗು, ಅದೇ ಕೊಂಡಿ. ದಿನಪತ್ರಿಕೆ ಓದಿದ ಹಾಗೆ ಓದಿಬಿಟ್ಟೆ.

"ಇಲ್ಲಿಗೆ ಬರುವ ವಿದ್ಯಾರ್ಥಿಗಳು ಇದನ್ನ ನೋಡಿ ಹೆದರ್ತಾರೆ. ಸೋಮವಾರ ಬಾ," ಎಂದರು. (ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ನಡುನಡುವೆ ಅವರ ಸ್ವೀಡಿಷ್. ನನ್ನ ನೆನಪಿನಲ್ಲಿ ಅವರೆಲ್ಲ ಕನ್ನಡದಲ್ಲೇ ಮಾತಾಡುತ್ತಾರೆ.)

ಅವರ ನಿಯಮ ಎರಡೇ. ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ಊಹೆ ಕೂಡದು, ತಿಳಿಯದ ಕಡೆ ಪ್ರಶ್ನೆ ಚಿಹ್ನೆ ಹಾಕು. ಮೊದಲನೆಯದನ್ನು ನಾನು ಎಂದೂ ಮುರಿಯಲಿಲ್ಲ.

ನನ್ನ ಪಾಲಿಗೆ ಬಂದದ್ದು ಒಂದು ಮರದ ವ್ಯಾಪಾರಿಗಳ ಮನೆತನದ ಪೆಟ್ಟಿಗೆ. ಆ ಮನೆಯ ಮಗ ಆಕ್ಸೆಲ್ ಲಂಡನ್ನಿನಲ್ಲಿ ಅಂಗಡಿ ಹಾಕಿ, ಅಲ್ಲಿಯವಳೇ ಆದ ಹ್ಯಾರಿಯೆಟ್ ಎಂಬವಳನ್ನು ಮದುವೆಯಾಗಿದ್ದ. ಹ್ಯಾರಿಯೆಟ್ ಸ್ಟಾಕ್‌ಹೋಮಿನಲ್ಲಿದ್ದ ಗಂಡನ ಅಕ್ಕ ಉಲ್ರಿಕಾಳಿಗೆ ವರ್ಷಗಟ್ಟಲೆ ಬರೆದ ಕಾಗದಗಳು ಅವು. ಬಿರ್ಗಿಟ್ಟಾಗೆ ಬೇಕಿದ್ದುದು ಲಂಡನ್ ಶಹರ. ಆ ಕಾಲದ ರಾಜಧಾನಿ ಒಬ್ಬ ಗೃಹಿಣಿಯ ಕಣ್ಣಿಗೆ ಹೇಗೆ ಕಂಡಿತು ಎಂದು ಒಂದು ಪ್ರದರ್ಶನ ಮಾಡುವ ಆಸೆ.

ಪೆಟ್ಟಿಗೆ ಕೊಟ್ಟವರು ಮಾರ್ತಾ. ಎಂಬತ್ತು ದಾಟಿದವರು, ವೃದ್ಧಾಶ್ರಮದಲ್ಲಿದ್ದರು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಹ್ಯಾರಿಯೆಟ್ ಅವರ ಅಜ್ಜಿಯ ತಾಯಿ. ಪೆಟ್ಟಿಗೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು: ಪ್ರತಿ ಗುರುವಾರ ಯಾರಾದರೂ ಬಂದು ಕಾಗದ ಓದಿ ಹೇಳಬೇಕು. ನಾನು ಬಿಡಿಸಿ ಬರೆದ ಪ್ರತಿಯಿಂದ ಓದಿ ಹೇಳುವ ಆ ಕೆಲಸವೂ ನನಗೇ ಬಂತು.

ಮೊದಲ ಗುರುವಾರವೇ ಮಾರ್ತಾ ನನ್ನ ಮುಂಗೈ ಹಿಡಿದು ಕೇಳಿದರು. "ನೋಡು ಸುಧಾ, ನನಗೆ ಲಂಡನ್ ಬೇಡ. ನನ್ನಜ್ಜಿ ಎಲೆನ್‌ಗೆ ಆರು ವರ್ಷ ಆದಾಗ ಅವಳ ತಾಯಿ ಹಡಗು ಹತ್ತಿಸಿ ಇಲ್ಲಿಗೆ ಕಳಿಸಿಬಿಟ್ಟಳು. ವಾಪಸು ಕರೆಸಿಕೊಳ್ಳಲೇ ಇಲ್ಲ. ಅಜ್ಜಿ ಸಾಯೋವರೆಗೂ ಹೇಳ್ತಿದ್ದಳು, ನಮ್ಮಮ್ಮನಿಗೆ ನಾನು ಬೇಡವಾಗಿದ್ದೆ ಅಂತ. ಮನೆಯಲ್ಲಿ ಯಾರಿಗೂ ಈ ಅಕ್ಷರ ಓದೋಕೆ ಬರ್ತಿರಲಿಲ್ಲ. ಬೇಡವಾಗಿದ್ದಳಾ? ಅದೊಂದು ನೋಡಿ ಹೇಳು."

ಅವರ ಮೇಜಿನ ಮೇಲೆ ಎರಡು ಚಿತ್ರಪಟ: ಮುದುಕಿಯಾದ ಎಲೆನ್, ಯುವತಿ ಹ್ಯಾರಿಯೆಟ್. ಎರಡನ್ನೂ ಒಂದಕ್ಕೊಂದು ಎದುರಾಗಿ ಇಟ್ಟಿದ್ದರು, ಮಾತಾಡಿಕೊಳ್ಳಲಿ ಎಂಬಂತೆ.

ಆಮೇಲಿನ ಒಂದು ವರ್ಷ ನಾನು ಲಂಡನ್ನಿನಲ್ಲೇ ಇದ್ದೆ ಎನ್ನಬೇಕು. ನೀಲಿ ಗೆರೆಯ ಮೆಟ್ರೋದಲ್ಲಿ ಕೂತು, ಯಾರೂ ಯಾರ ಮುಖವನ್ನೂ ನೋಡದ ಆ ಡಬ್ಬಿಯಲ್ಲಿ, ನಿನ್ನೆ ಓದಿದ ಬೀದಿಗಳನ್ನು ನೆನೆಯುತ್ತಿದ್ದೆ. ಹಳದಿ ಮಂಜು ಬಾಗಿಲು ಮುಚ್ಚಿದರೂ ಒಳಗೆ ಬಂದು ಮೇಣದ ಬತ್ತಿಯ ಸುತ್ತ ನಿಲ್ಲುತ್ತಿತ್ತಂತೆ. ಹದಿನೈದು ದಿನಕ್ಕೊಮ್ಮೆ ಪರದೆ ಒಗೆದರೂ ನೀರು ಮಸಿಯಂತೆ ಹರಿಯುತ್ತಿತ್ತಂತೆ. ನೆಲದಡಿ ರೈಲಿಗೆಂದು ಅಗೆದು ಪಕ್ಕದ ಬೀದಿಯ ಮನೆಗಳ ಗೋಡೆ ಬಿರುಕು ಬಿಟ್ಟಿತ್ತು. ಬೇಸಿಗೆಯಲ್ಲಿ ನದಿಯ ವಾಸನೆಗೆ ಕರವಸ್ತ್ರಕ್ಕೆ ವಿನೆಗರ್ ಹಾಕಿಕೊಂಡು ಹೊರಗೆ ಹೋಗುತ್ತಿದ್ದಳು. ಅವಳ ಊರಿನ ಮಿಠಾಯಿಯವನ ಗಂಟೆ ಕೂಡ ನನಗೆ ಗೊತ್ತಿತ್ತು. ನನ್ನ ಪಕ್ಕದ ಮನೆಯವರ ಹೆಸರು ಬಾಗಿಲ ಮೇಲೆ ಬರೆದಷ್ಟೇ ಗೊತ್ತು.

ನನ್ನ ಮೊದಲ ತಪ್ಪು ಹುಲ್ಲಿನದು. ಒಂದು ಕಾಗದದಲ್ಲಿ, "ನಮ್ಮ ಬೀದಿಗೆ ದಪ್ಪಗೆ ಹುಲ್ಲು ಹಾಸಿದ್ದಾರೆ, ಗಾಡಿಗಳ ಸದ್ದೇ ಇಲ್ಲ" ಎಂದಿತ್ತು. ನಾನು ಪ್ರತಿಯ ಪಕ್ಕದಲ್ಲಿ, "ಬಹುಶಃ ಏನೋ ಉತ್ಸವ, ಮೆರವಣಿಗೆ" ಎಂದು ಟಿಪ್ಪಣಿ ಬರೆದೆ. ಬೀದಿಗೆ ಏನಾದರೂ ಹಾಸುವುದೆಂದರೆ ನನ್ನ ತಲೆಗೆ ಹೊಳೆಯುವುದು ಅದೇ. ಬಿರ್ಗಿಟ್ಟಾ ಆ ಟಿಪ್ಪಣಿಯ ಮೇಲೆ ಬೆರಳಿಟ್ಟರು.

"ಉತ್ಸವ ಅಂತ ಕಾಗದದಲ್ಲಿ ಎಲ್ಲಿದೆ?"

"ಇಲ್ಲ. ನನಗೆ ಹಾಗನ್ನಿಸಿತು."

"ಅನ್ನಿಸಿದ್ದನ್ನ ಮನೆಯಲ್ಲಿ ಇಟ್ಟು ಬಾ. ಆ ಕಾಲದಲ್ಲಿ ಮನೆಯೊಳಗೆ ಯಾರಿಗಾದರೂ ಜೀವಕ್ಕೆ ಬರುವಂಥ ಕಾಯಿಲೆಯಾಗಿದ್ದರೆ ಚಕ್ರದ ಸದ್ದು ತಾಗದಿರಲಿ ಅಂತ ಬೀದಿಗೆ ಹುಲ್ಲು ಹಾಸ್ತಿದ್ದರು."

ಮುಂದಿನ ಕಾಗದ ತೆಗೆದರೆ ಹುಲ್ಲು ಹಾಸಿದ್ದು ಅವಳ ಮನೆಯ ಮುಂದೆಯೇ. ಎಲೆನ್‌ಗೆ ಕೆಮ್ಮು. ಮೂರು ವಾರದ ಮೇಲೆ ಹುಲ್ಲು ಗುಡಿಸಿದರು. ಈ ಹೊಗೆಯಲ್ಲಿ ಮಗು ಉಳಿಯುವುದಿಲ್ಲ ಎಂದು ವೈದ್ಯ ಹೇಳಿದ. ಸ್ಟಾಕ್‌ಹೋಮಿಗೆ ಕಳಿಸೋಣ ಎಂದು ಆಕ್ಸೆಲ್ ಹೇಳಿದ. ಗುರುವಾರ ಇದನ್ನು ಓದಿದಾಗ ಮಾರ್ತಾ ಕಾಫಿ ಲೋಟ ಕೆಳಗಿಟ್ಟರು. "ಕಳಿಸಿದ್ದು ಕೆಮ್ಮಿಗೆ. ಸರಿ. ಆದರೆ ಕರೆಸಲಿಲ್ಲ ಯಾಕೆ? ಮುಂದೆ ಓದು."

ಮುಂದಿನ ಕಾಗದಗಳು ಹನ್ನೊಂದು. ಅವು ಕಷ್ಟದವು. ದೂರದ ಊರಿಗೆ ಹೋಗುವ ಕಾಗದ ಹಗುರವಾಗಿರಬೇಕೆಂದು ಆಗಿನವರು ಒಂದೇ ಹಾಳೆಯನ್ನು ಎರಡು ಸಲ ಬಳಸುತ್ತಿದ್ದರು. ಮೊದಲು ನೇರವಾಗಿ ತುಂಬ ಬರೆದು, ಹಾಳೆಯನ್ನು ತಿರುಗಿಸಿ ಆ ಬರಹದ ಮೇಲೆಯೇ ಅಡ್ಡಡ್ಡ ಬರೆಯುವುದು. ನೋಡಿದರೆ ಕಿಟಕಿಯ ಜಾಲರಿಯಂತೆ ಕಾಣುತ್ತದೆ. ಎಲೆನ್ ಹೋದ ಮೇಲಿನ ಕಾಗದಗಳೆಲ್ಲ ಹೀಗೆ. ನೇರ ಸಾಲುಗಳಲ್ಲಿ ಶಹರ: ಹೊಸ ಸೇತುವೆ, ಗ್ಯಾಸ್ ದೀಪ, ಕುದುರೆ ಟ್ರಾಮು, ರಾಣಿಯ ಸಾರೋಟು. ಎಲ್ಲವೂ ನಗುನಗುತ್ತಾ. ಎಲೆನ್ ಬಗ್ಗೆ ಒಂದೇ ವಾಕ್ಯ, "ಎಲೆನ್ ಒಳ್ಳೆ ಹುಡುಗಿಯಾಗಿರಲಿ." ತಳದಲ್ಲಿ ಬೇರೆ ಕೈಯ ಕಪ್ಪು ಅಕ್ಷರದಲ್ಲಿ ಸ್ವೀಡಿಷ್‌ನ ಎರಡು ಸಾಲು, ಆಕ್ಸೆಲ್ ಅಕ್ಕನಿಗೆ ಹೇಳಿದ ನಮಸ್ಕಾರ.

ಅಡ್ಡ ಸಾಲುಗಳು ಶುರುವಾಗುತ್ತಿದ್ದುದು ಸಾಮಾನು ಪಟ್ಟಿಯಿಂದ. ಈ ಹಡಗಿನಲ್ಲಿ ಕಳಿಸಿರುವುದು: ಫ್ಲಾನೆಲ್ ಎರಡು ಗಜ, ಸೂಜಿ ಒಂದು ಪೊಟ್ಟಣ, ಚಹಾ, ಸೋಪು, ಉಣ್ಣೆಯ ಕಾಲುಚೀಲ. ಮೊದಲ ಕಾಗದದಲ್ಲಿ ಆರು ಸಾಲು ಬಿಡಿಸಿದೆ, ಪಟ್ಟಿ ಮುಗಿಯಲಿಲ್ಲ. ಎರಡನೆಯದರಲ್ಲಿ ನಾಲ್ಕು ಸಾಲು, ಅದೂ ಪಟ್ಟಿ. ಮೂರನೆಯದರಿಂದ ನಾನು ಪ್ರತಿಯ ಕೊನೆಯಲ್ಲಿ ಒಂದೇ ಮಾತು ಬರೆಯತೊಡಗಿದೆ: "ಅಡ್ಡ ಸಾಲುಗಳು: ಗೃಹಕೃತ್ಯದ ಸಾಮಾನು ಪಟ್ಟಿ." ಪ್ರದರ್ಶನಕ್ಕೆ ಬೇಕಿದ್ದುದು ಶಹರ, ಸೋಪಿನ ಲೆಕ್ಕ ಯಾರಿಗೆ ಬೇಕು? ಬಿರ್ಗಿಟ್ಟಾ ಸಹಿ ಹಾಕಿದರು. ಮೂವತ್ತು ವರ್ಷ ಮನೆ ನಡೆಸಿದವಳು ನಾನು; ಇನ್ನೊಬ್ಬಳ ಸಾಮಾನು ಪಟ್ಟಿಯನ್ನು ಓದಲು ಯೋಗ್ಯವಲ್ಲ ಎಂದು ತೀರ್ಮಾನಿಸಿದೆ.

ಹನ್ನೊಂದೂ ಮುಗಿದ ಗುರುವಾರ ಮಾರ್ತಾಗೆ ಹೇಳಿದೆ. ಹನ್ನೆರಡನೆಯದು ಇಲ್ಲ, ಎಲೆನ್‌ಳನ್ನು ಕರೆಸುವ ಮಾತು ಎಲ್ಲೂ ಇಲ್ಲ, ಒಳ್ಳೆ ಹುಡುಗಿಯಾಗಿರಲಿ ಎಂಬುದಷ್ಟೇ.

"ಯಾಹಾ," ಎಂದರು ಮಾರ್ತಾ. ಸ್ವೀಡಿಷರ ಆ ಒಂದು ಪದಕ್ಕೆ ಸರಿ, ಗೊತ್ತಾಯಿತು, ಇನ್ನೇನು ಮಾಡೋಣ ಎಂಬೆಲ್ಲ ಅರ್ಥವೂ ಇದೆ. "ಹಾಗಾದರೆ ಅಜ್ಜಿ ಹೇಳಿದ್ದೇ ನಿಜ. ಇನ್ನು ಮೇಲೆ ಗುರುವಾರ ಬರೋದು ಬೇಡ ಕಣಮ್ಮ. ಇಷ್ಟು ದಿನ ಬಂದೆ, ಉಪಕಾರವಾಯಿತು."

ಕೋಟು ಹಾಕಿಕೊಳ್ಳುವಾಗ ನೋಡಿದೆ. ತಡವರಿಸಿ ಮೇಜಿನ ಮೇಲಿನ ಹ್ಯಾರಿಯೆಟ್ ಚಿತ್ರವನ್ನು ಎತ್ತಿ ಡ್ರಾಯರಿನೊಳಗೆ ಇಟ್ಟರು. ಎಲೆನ್ ಎದುರು ಯಾರೂ ಇರಲಿಲ್ಲ.

ಆ ವಾರಗಳು ನನಗೆ ಬಹಳ ಉದ್ದವಾಗಿದ್ದವು. ಗುರುವಾರ ಬಂತೆಂದರೆ ಕೈಚೀಲ ತೆಗೆದುಕೊಂಡು ಮತ್ತೆ ಅಲ್ಲೇ ಇಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹಾಸನದಿಂದ ಅಮ್ಮ ಫೋನು ಮಾಡಿದರು. ಅವರು ನನ್ನ ತಂಗಿಯ ಮನೆಯಲ್ಲಿದ್ದರು. ಪರಿಚಯದ ಹುಡುಗಿಯೊಬ್ಬಳು ಔಷಧಿ ಸಂಶೋಧನೆಯ ಕೆಲಸಕ್ಕೆ ಸ್ವೀಡನ್ನಿನ ಮೋಲ್ನ್‌ಡಾಲ್ ಊರಿಗೆ ಬರುವವಳಿದ್ದಳು.

"ಅವಳ ಕೈಲಿ ಕಳಿಸ್ತೀನಿ, ಏನೇನ್ ಬೇಕು ಹೇಳೇ ಸುಧಿ. ಬರ್ಕೊತೀನಿ."

"ಹುಣಸೆಹಣ್ಣು. ಸಾರಿನ ಪುಡಿ. ರಾಗಿ ಹಿಟ್ಟು ಸ್ವಲ್ಪ. ಮೆಂತ್ಯ ಬೇಡ, ಸಿಗತ್ತೆ. ಹಪ್ಪಳ."

"ಆಯ್ತು. ಆಮೇಲೆ?"

"ಅಷ್ಟೇ ಅಮ್ಮ."

"ಅಷ್ಟೇ ಅಂದ್ರೆ? ಪಟ್ಟಿ ಆಯ್ತು. ಪಟ್ಟಿ ಆದ್ಮೇಲೆ ಬರೀತಿದ್ಯಲ್ಲ, ಅದು ಹೇಳು."

"ಏನದು?"

"ಅಯ್ಯೋ, ಮರ್ತೇಬಿಟ್ಯಾ? ಹಾಸ್ಟೆಲಿಂದ ಬರೀತಿದ್ದೆಯಲ್ಲೇ. ಕೊಬ್ರಿ ಎಣ್ಣೆ, ಎರಡು ಟವೆಲ್ಲು, ಸೋಪು, ರಿಬ್ಬನ್ನು... ಅದೆಲ್ಲ ಆದ್ಮೇಲೆ ಸಣ್ಣಕ್ಷರದಲ್ಲಿ ಅಳು. ನಿಮ್ಮಪ್ಪ ಮೇಲಿಂದ ನಾಲ್ಕು ಸಾಲು ಓದಿ, ಮಗಳು ಖುಷಿಯಾಗಿದಾಳೆ ಕಣೆ ಅಂತ ಪೇಪರ್ ಓದಕ್ಕೆ ಹೋಗೋರು. ನಾನು ಕೆಳಗಿಂದ ಓದ್ತಿದ್ದೆ."

ನಿಜವಾಗಿಯೂ ಮರೆತಿದ್ದೆ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ, ಊರೂರು ವರ್ಗ. ನಾನು ಎಂಟನೇ ವಯಸ್ಸಿಗೆ ಕಾನ್ವೆಂಟಿನ ಹಾಸ್ಟೆಲು ಸೇರಿದ್ದೆ. ಭಾನುವಾರ ಪ್ರಾರ್ಥನೆಯ ನಂತರ ಎಲ್ಲರೂ ಮನೆಗೆ ಕಾಗದ ಬರೆಯಬೇಕು. ಲಕೋಟೆ ಮುಚ್ಚುವ ಹಾಗಿಲ್ಲ, ಸಿಸ್ಟರ್ ಓದಿ ಮುಚ್ಚುವರು. ಅಳುವ ಕಾಗದ ಕಂಡರೆ ಹರಿದು ಬೇರೆ ಬರೆಸುವರು. ಆದರೆ ಅರವತ್ತು ಹುಡುಗಿಯರ ಕಾಗದ ಓದುವ ಸಿಸ್ಟರ್, ಸೋಪು ಎಣ್ಣೆಯ ಪಟ್ಟಿ ಬಂದ ಕೂಡಲೇ ಮಡಚಿಬಿಡುತ್ತಿದ್ದರು. ಪಟ್ಟಿಯ ಕೆಳಗೆ ಸಿಸ್ಟರ್ ಎಂದೂ ಇಳಿಯುವುದಿಲ್ಲ ಎಂಬುದು ನಮ್ಮ ಡಾರ್ಮಿಟರಿಯ ಎಲ್ಲರಿಗೂ ಗೊತ್ತಿದ್ದ ಗುಟ್ಟು.

"ಅಮ್ಮಾ..."

"ಹೇಳು ಮತ್ತೆ."

"ಇಲ್ಲಿ ತುಂಬಾ ಬೇಜಾರಾಗತ್ತಮ್ಮ," ಎಂದೆ. ನಾಲ್ಕು ವರ್ಷದಲ್ಲಿ ಮೊದಲ ಸಲ.

"ಗೊತ್ತು," ಎಂದರು ಅಮ್ಮ. "ಹಪ್ಪಳ ಜಾಸ್ತಿ ಕಳಿಸ್ತೀನಿ."

ಸೋಮವಾರ ಬಿರ್ಗಿಟ್ಟಾ ಬರುವ ಮೊದಲೇ ಬಾಗಿಲ ಹೊರಗೆ ನಿಂತಿದ್ದೆ. ಎಲ್ಲವನ್ನೂ ಹೇಳಿದೆ: ಸಿಸ್ಟರ್, ಸೋಪು, ಆಕ್ಸೆಲ್ ತಳದಲ್ಲಿ ಬರೆದ ನಮಸ್ಕಾರ. ಕಾಗದ ಹೊರಡುವ ಮುಂಚೆ ಅವನು ಓದುತ್ತಿದ್ದ, ಆದರೆ ಗಂಡಸು ಫ್ಲಾನೆಲಿನ ಗಜ ಬಂದ ಮೇಲೆ ಮುಂದೆ ಓದುತ್ತಾನೆಯೇ? ಬಿರ್ಗಿಟ್ಟಾ ನನ್ನ ಪ್ರತಿಗಳನ್ನು ತೆಗೆದು ಒಂಬತ್ತು ಕಡೆ ನಾನು ಬರೆದ ಅದೇ ಮಾತನ್ನು ನೋಡಿದರು. ಈಗ ಕೆಲಸ ಹೋಯಿತು ಎಂದುಕೊಂಡೆ.

"ಓದದೇ ಬರೆದದ್ದು ನೀನು. ಓದದೇ ಸಹಿ ಹಾಕಿದ್ದು ನಾನು," ಎಂದರು. "ಮೊದಲಿಂದ ಶುರು ಮಾಡೋಣ."

ಅನುಷಾ, ಕಷ್ಟ ಏನಿದೆ ಎಂದು ಕೇಳಿದೆಯಲ್ಲ, ಇಲ್ಲಿದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿಟ್ಟು, ಒಂದು ಸಾಲಿನ ಕೆಳಗೆ ಬಿಳಿ ಕಾಗದದ ಪಟ್ಟಿ ಹಿಡಿದು, ನೇರ ಅಕ್ಷರಗಳು ಕಾಣದ ಹಾಗೆ ಕಣ್ಣನ್ನು ಒಗ್ಗಿಸಬೇಕು. ಒಂದು ಹಾಳೆಗೆ ನಾಲ್ಕೈದು ದಿನ. ಚಳಿಗಾಲವೆಲ್ಲ ಹಿಡಿಯಿತು. ಪರದೆಯಲ್ಲಿ ದೊಡ್ಡದು ಮಾಡಿದರೆ ಅಕ್ಷರ ದೊಡ್ಡದಾಗುತ್ತದೆ, ನಿಜ. ಯಾವುದನ್ನು ಓದಬೇಕು ಎಂಬುದನ್ನು ಪರದೆ ಹೇಳುವುದಿಲ್ಲ.

ಪಟ್ಟಿ ಏಳನೇ ಸಾಲಿನಲ್ಲಿ ಮುಗಿಯುತ್ತಿತ್ತು. ಎಂಟನೆಯದರಿಂದ ಅಕ್ಷರ ಸಣ್ಣದಾಗುತ್ತಿತ್ತು. "ಉಣ್ಣೆ ಕಾಲುಚೀಲವನ್ನು ಅಂದಾಜಿಗೆ ಹೆಣೆದಿದ್ದೇನೆ. ಅವಳ ಪಾದ ಈಗ ಎಷ್ಟುದ್ದ? ಒಂದು ದಾರದಲ್ಲಿ ಅಳೆದು, ಎರಡೂ ತುದಿಗೆ ಗಂಟು ಹಾಕಿ ಕಳಿಸು." ಇನ್ನೊಂದರಲ್ಲಿ, "ದಾರ ಬಂತು. ಅರ್ಧ ಬೆರಳು ಬೆಳೆದಿದ್ದಾಳೆ, ನಾನು ನೋಡದೆ." ಮತ್ತೊಂದರಲ್ಲಿ, "ಪ್ರತಿ ವಸಂತಕ್ಕೂ ಕೇಳುತ್ತೇನೆ. ಮುಂದಿನ ವಸಂತ ಎನ್ನುತ್ತಾನೆ. ಈ ಹೊಗೆಗೆ ಮಗುವನ್ನು ಮತ್ತೆ ತಂದು ಕೊಲ್ಲುತ್ತೀಯಾ ಎನ್ನುತ್ತಾನೆ. ನನ್ನನ್ನೇ ಅಲ್ಲಿಗೆ ಕಳಿಸು ಎಂದರೆ ಮನೆ ಯಾರು ನೋಡುತ್ತಾರೆ ಎನ್ನುತ್ತಾನೆ." ಕೊನೆಯ ಕಾಗದದ ಕೊನೆಯ ಸಾಲುಗಳನ್ನು ಬಿಡಿಸಿದ ದಿನ ಪೆನ್ಸಿಲ್ ಕೆಳಗಿಟ್ಟೆ.

ಬಿರ್ಗಿಟ್ಟಾ ನನ್ನ ಹಿಂದೆ ನಿಂತು ಓದಿದರು. "ದಾರ," ಎಂದರು. ಒಳಗೆ ಹೋದರು. ಹ್ಯಾರಿಯೆಟ್ ತೀರಿಕೊಂಡ ಮೇಲೆ ಲಂಡನ್ನಿನಿಂದ ಮರಳಿ ಬಂದ ವಸ್ತುಗಳೂ ಆ ಪೆಟ್ಟಿಗೆಯ ತಳದಲ್ಲಿದ್ದವು. ಅವನ್ನು ಬಿರ್ಗಿಟ್ಟಾ ಅವರೇ ಪಟ್ಟಿ ಮಾಡಿದ್ದರು. ಒಂದು ಸಣ್ಣ ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟರು. ಮೇಲೆ ಅವರದೇ ಪೆನ್ಸಿಲ್ ಅಕ್ಷರ: "ಹೊಲಿಗೆ ದಾರದ ತುಂಡುಗಳು. ಬೆಲೆಯಿಲ್ಲದ್ದು."

ಗುರುವಾರ ನಾವಿಬ್ಬರೂ ಹೋದೆವು. ಇಪ್ಪತ್ತು ವರ್ಷದಲ್ಲಿ ಒಂದು ಹಾಳೆಯನ್ನೂ ಹೊರಗೆ ಬಿಡದ ಬಿರ್ಗಿಟ್ಟಾ ಮೆಟ್ರೋದಲ್ಲಿ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಮಾರ್ತಾ ಇನ್ನೂ ತೆಳ್ಳಗಾಗಿದ್ದರು. ನನ್ನ ದನಿ ಕೇಳಿ, "ಬರಬೇಡ ಅಂದಿದ್ದೆನಲ್ಲ," ಎಂದರು.

"ನಾನು ನಿಮಗೆ ತಪ್ಪು ಹೇಳಿದ್ದೆ. ಅರ್ಧ ಓದಿ ಹೇಳಿದ್ದೆ. ಕ್ಷಮೆ ಕೇಳೋಕೆ ಬಂದಿದ್ದೀನಿ, ಇನ್ನರ್ಧ ಓದೋಕೂ."

ಓದಿದೆ. ಹನ್ನೊಂದು ಕಾಗದದ ಅಡ್ಡ ಸಾಲುಗಳು, ಒಂದೊಂದಾಗಿ. ಅವರ ಮುಖ ಕಿಟಕಿಯ ಕಡೆಗೇ ಇತ್ತು. ಕೊನೆಯದಕ್ಕೆ ಬಂದೆ. "ನಾನು ಅಳುತ್ತೇನೆಂದು ಎಲೆನ್‌ಗೆ ಹೇಳಬೇಡ, ಉಲ್ರಿಕಾ. ಅಮ್ಮನಿಗೆ ಕೆಲಸ ಜಾಸ್ತಿ ಎಂದು ಹೇಳು. ಗೊತ್ತಾದರೆ ಹಡಗು ಬಂದಾಗಲೆಲ್ಲ ಬಂದರಿಗೆ ಓಡುತ್ತಾಳೆ. ಅಲ್ಲಿ ಗಾಳಿ ಚಳಿ."

ಮಾರ್ತಾ ನನ್ನ ಕಡೆ ತಿರುಗಿದರು. "ಏನಂದೆ? ಕೆಲಸ ಜಾಸ್ತಿ?"

"ಹೌದು."

"ಅಜ್ಜಿ ಅದೇ ಮಾತು ಹೇಳ್ತಿದ್ದಳು. ನಮ್ಮಮ್ಮನಿಗೆ ಯಾವಾಗಲೂ ಕೆಲಸ ಜಾಸ್ತಿ, ನನಗಾಗಿ ಪುರುಸೊತ್ತಿಲ್ಲ, ಅಂತ. ಎಪ್ಪತ್ತು ವರ್ಷ ಹೇಳಿದಳು." ಮೇಜಿನ ಮೇಲೆ ತಡವಿ ಎಲೆನ್ ಚಿತ್ರ ಮುಟ್ಟಿದರು. "ಅವಳಿಗೆ ಚಳಿಯಾಗದಿರಲಿ ಅಂತ ಹೇಳಿಸಿದ್ದು."

ಬಿರ್ಗಿಟ್ಟಾ ಪೊಟ್ಟಣ ಬಿಚ್ಚಿದರು. ತಾವೇ ಒಂದೊಂದು ದಾರವನ್ನೂ ಮಾರ್ತಾ ಅವರ ಅಂಗೈ ಮೇಲೆ ಇಟ್ಟರು. ಕಾಣದ ಕಣ್ಣಿನವರ ಬೆರಳು ಬೇಗ ಓದುತ್ತದೆ. ಗಂಟಿನಿಂದ ಗಂಟಿಗೆ ಹೆಬ್ಬೆರಳು ಎಳೆದು ನೋಡಿದರು. ಗಿಡ್ಡದ್ದು, ಅದಕ್ಕಿಂತ ಸ್ವಲ್ಪ ಉದ್ದದ್ದು, ಇನ್ನೂ ಸ್ವಲ್ಪ. ಎಂಟನೆಯದಾದ ಮೇಲೆ ಕೈ ಚಾಚಿ ಕಾದರು.

"ಇನ್ನೊಂದು ಕೊಡು."

"ಇಲ್ಲ ಮಾರ್ತಾ," ಎಂದರು ಬಿರ್ಗಿಟ್ಟಾ. "ಅಷ್ಟೇ ಇರೋದು. ಆಮೇಲೆ ಅವಳು ತೀರಿಕೊಂಡಳು."

ಮಾರ್ತಾ ಎಂಟನೆಯ ದಾರವನ್ನು ಮಡಿಲ ಮೇಲೆ ಉದ್ದಕ್ಕೆ ಇಟ್ಟು, ಅದರ ಮೇಲೆ ಅಂಗೈ ಹರಡಿದರು, ಪುಟ್ಟ ಕಾಲೊಂದನ್ನು ಹಿಡಿದ ಹಾಗೆ. ಇನ್ನೊಂದು ಕೈಯಿಂದ ಡ್ರಾಯರ್ ತೋರಿಸಿದರು. ನಾನು ಹ್ಯಾರಿಯೆಟ್ ಚಿತ್ರ ತೆಗೆದು ಎಲೆನ್ ಎದುರಿಗೆ ಇಟ್ಟೆ.

"ಮತ್ತೆ ಓದು," ಎಂದರು. "ಮೇಲಿಂದ ಓದು. ಫ್ಲಾನೆಲ್, ಸೂಜಿ, ಎಲ್ಲಾ. ಏನೂ ಬಿಡಬೇಡ."

ಫ್ಲಾನೆಲ್ ಎರಡು ಗಜ, ಎಂದು ಶುರು ಮಾಡಿದೆ.